ನಮ್ಮ ಹಿಂದೆ ನಿಂತಿರುವ ನೆರೆಯವನು

ಈ ದಿನ ನಾವು ಯೋಚಿಸಲಿಕ್ಕಿರುವ ವಿಷಯ ಕೇಳಿದ ಕೂಡಲೇ ಕೆಲವರಿಗೆ ನಗು ಬರಬಹುದು. ವಿಷಯ ಏನಂದ್ರೆ, ಟ್ರಾಫಿಕ್ ಜಾಮ್. "ಪಾಸ್ಟರೇ, ಇದು ಪೊಲೀಸರು ನೋಡಿಕೊಳ್ಳುವ ವಿಷಯ, ಸರ್ಕಾರದ ವಿಷಯ. ಸಭೆಯಲ್ಲಿ ಇದಕ್ಕೇನು ಕೆಲಸ?" ಅಂತ ನೀವು ಕೇಳಬಹುದು. ಸ್ವಲ್ಪ ತಾಳ್ಮೆಯಿಂದ ಕೇಳಿರಿ. ವಾರದಲ್ಲಿ ಎರಡು ಮೂರು ಗಂಟೆ ನಾವು ಸಭೆಯಲ್ಲಿ ಕೂತಿರುತ್ತೇವೆ. ಅಷ್ಟು ಹೊತ್ತನ್ನು ಒಂದೇ ದಿನ ಬೆಂಗಳೂರಿನ ರಸ್ತೆಯಲ್ಲಿ ಕಳೆಯುವವರು ನಮ್ಮ ಮಧ್ಯದಲ್ಲೇ ಎಷ್ಟೋ ಜನ ಇದ್ದಾರೆ. ಹಾಗಾದರೆ ನಮ್ಮ ನಡತೆ ಎಂಥದ್ದು ಅಂತ ಗೊತ್ತಾಗುವುದು ಎಲ್ಲಿ? ಹಾಡು ಹಾಡುವಾಗಲಾ, ಸಿಲ್ಕ್ ಬೋರ್ಡ್ ಜಂಕ್ಷನ್‌ನಲ್ಲಾ?

ಟಾಮ್‌ಟಾಮ್ ಎಂಬ ಸಂಸ್ಥೆ ಲೋಕದ ದೊಡ್ಡ ನಗರಗಳ ಸಂಚಾರವನ್ನು ಪ್ರತಿ ವರ್ಷ ಲೆಕ್ಕ ಹಾಕುತ್ತದೆ. 2023ರ ಲೆಕ್ಕದಲ್ಲಿ ಬೆಂಗಳೂರಿನ ನಡುಭಾಗದಲ್ಲಿ 10 ಕಿಲೋಮೀಟರ್ ದಾಟಲು ಸರಾಸರಿ 28 ನಿಮಿಷ 10 ಸೆಕೆಂಡ್ ಬೇಕಾಗಿತ್ತು. ಇದು ಸರಾಸರಿ. ಸಂಜೆ ಆರು ಗಂಟೆಗೆ ಹೆಬ್ಬಾಳದ ಹತ್ತಿರ ನಿಂತವರಿಗೆ ಈ ಸಂಖ್ಯೆ ಬಹಳ ಕಡಿಮೆ ಅನ್ನಿಸುತ್ತದೆ. ನಗರದಲ್ಲಿ ನೋಂದಣಿಯಾದ ವಾಹನಗಳು ಒಂದು ಕೋಟಿ ದಾಟಿವೆ. ಒಂದು ಕೋಟಿ ಗಾಡಿಗಳ ಮಧ್ಯದಲ್ಲಿ ನನ್ನ ಒಂದು ಗಾಡಿ. ಅದರಿಂದ ಏನಾಗಿಹೋಗುತ್ತದೆ? ಇದೇ ಈ ದಿನದ ಪ್ರಶ್ನೆ. ಒಬ್ಬನು ಸ್ವಲ್ಪ ನುಗ್ಗಿದರೆ, ಸ್ವಲ್ಪ ಅಡ್ಡ ನಿಲ್ಲಿಸಿದರೆ, ಅದು ನಿಜವಾಗಿ ತಪ್ಪಾ?

ಮೊದಲನೆಯದಾಗಿ, ಜಾಮ್ ಹೇಗೆ ಹುಟ್ಟುತ್ತದೆ ಅಂತ ತಿಳಿದುಕೊಳ್ಳೋಣ. ಜಪಾನಿನ ನಗೋಯಾ ವಿಶ್ವವಿದ್ಯಾಲಯದ ಸುಗಿಯಾಮ ಎಂಬ ವಿಜ್ಞಾನಿಯೂ ಅವರ ಜೊತೆಗಾರರೂ ಒಂದು ಪರೀಕ್ಷೆ ಮಾಡಿದರು. ಅದರ ಫಲಿತಾಂಶ 2008ರಲ್ಲಿ ಪ್ರಕಟವಾಯಿತು. 230 ಮೀಟರ್ ಸುತ್ತಳತೆಯ ದುಂಡನೆಯ ದಾರಿ. ಅದರಲ್ಲಿ 22 ಕಾರುಗಳು. ಸುಮಾರು 30 ಕಿಲೋಮೀಟರ್ ವೇಗದಲ್ಲಿ ಒಂದೇ ಸಮನೆ ಓಡಿಸಿರಿ ಅಂತ ಚಾಲಕರಿಗೆ ಹೇಳಿದ್ದರು. ಅಲ್ಲಿ ಸಿಗ್ನಲ್ ಇಲ್ಲ, ಗುಂಡಿ ಇಲ್ಲ, ಹಸು ಇಲ್ಲ, ಅಡ್ಡ ಬರುವ ಆಟೋ ಇಲ್ಲ. ಆದರೂ ಸ್ವಲ್ಪ ಹೊತ್ತಿನಲ್ಲೇ ಕೆಲವು ಕಾರುಗಳು ಪೂರ್ತಿಯಾಗಿ ನಿಂತುಹೋದವು! ಮುಂದೆ ಹೋಗುವವನು ಸ್ವಲ್ಪ ನಿಧಾನ ಮಾಡಿದ. ಹಿಂದಿನವನು ಇನ್ನೂ ಸ್ವಲ್ಪ ಜಾಸ್ತಿ ಬ್ರೇಕ್ ಒತ್ತಿದ. ಅವನ ಹಿಂದಿನವನು ಇನ್ನೂ ಜಾಸ್ತಿ. ಕಡೆಗೆ ಒಬ್ಬನು ನಿಂತೇಬಿಟ್ಟ. ಆ ನಿಲುಗಡೆ ಅಲೆಯ ಹಾಗೆ ಗಂಟೆಗೆ ಸುಮಾರು 20 ಕಿಲೋಮೀಟರ್ ವೇಗದಲ್ಲಿ ಹಿಂದಕ್ಕೆ ಹಿಂದಕ್ಕೆ ಹೋಯಿತು.

ಗಮನಿಸಿರಿ, ಅಲೆ ಹೋಗುವುದು ಹಿಂದಕ್ಕೆ. ಮೊದಲು ಬ್ರೇಕ್ ಒತ್ತಿದವನು ಮುಂದೆ ಹೊರಟುಹೋಗಿರುತ್ತಾನೆ. ತನ್ನ ಹಿಂದೆ ಏನಾಯಿತು ಅಂತ ಅವನಿಗೆ ಗೊತ್ತೇ ಆಗುವುದಿಲ್ಲ. ಔಟರ್ ರಿಂಗ್ ರೋಡ್‌ನಲ್ಲಿ ಅರ್ಧ ಗಂಟೆ ನಿಂತು, ಆಮೇಲೆ ಮುಂದೆ ಹೋಗಿ ನೋಡಿದರೆ ಅಪಘಾತವೂ ಇಲ್ಲ, ಕೆಟ್ಟು ನಿಂತ ಲಾರಿಯೂ ಇಲ್ಲ, ರಸ್ತೆ ಖಾಲಿ. "ಅಯ್ಯೋ, ಇಷ್ಟು ಹೊತ್ತು ಯಾಕೆ ನಿಂತಿದ್ವಿ?" ಅಂತ ಕೇಳುತ್ತೇವೆ. ಎಷ್ಟೋ ಸಲ ಉತ್ತರ ಇಷ್ಟೇ: ಮುಂದೆ ಹೋದ ಯಾರೋ ಒಬ್ಬರು ಯಾವಾಗಲೋ ಒತ್ತಿದ ಬ್ರೇಕ್ ನಿಮ್ಮ ತನಕ ಬಂದು ಮುಟ್ಟಿತು.

ಎರಡನೆಯದಾಗಿ, ಇಲ್ಲಿ ಒಂದು ವ್ಯತ್ಯಾಸ ಮಾಡಬೇಕು. ನಗೋಯಾದ ಆ 22 ಜನರಲ್ಲಿ ಯಾರೂ ಕೆಟ್ಟವರಲ್ಲ. ಯಾರೂ ನುಗ್ಗಲಿಲ್ಲ. ಮನುಷ್ಯನ ಕಣ್ಣು ನೋಡಿ, ಕಾಲು ಬ್ರೇಕ್ ಒತ್ತುವಷ್ಟರಲ್ಲಿ ಸ್ವಲ್ಪ ತಡವಾಗುತ್ತದೆ. ಅದು ಬಲಹೀನತೆ. ಆದರೆ ಬಲಹೀನತೆ ಬೇರೆ, ಸ್ವಾರ್ಥ ಬೇರೆ. ಬಲಹೀನತೆಯಿಂದಲೇ ಇಷ್ಟು ದೊಡ್ಡ ಅಲೆ ಎದ್ದರೆ, ಬೇಕಂತಲೇ ಮಾಡುವ ಸ್ವಾರ್ಥದಿಂದ ಎಷ್ಟು ಏಳಬಾರದು!

ನಮ್ಮ ಊರುಗಳ ರೈಲ್ವೆ ಗೇಟನ್ನು ನೆನಪು ಮಾಡಿಕೊಳ್ಳಿರಿ. ಗೇಟ್ ಹಾಕಿದೆ. ಮೊದಲು ಬಂದವರು ತಮ್ಮ ಎಡಗಡೆ ಸಾಲಾಗಿ ನಿಲ್ಲುತ್ತಾರೆ. ಆಮೇಲೆ ಒಬ್ಬರು ಬರುತ್ತಾರೆ, ಬಲಗಡೆ ಖಾಲಿ ಇದೆ ಅಂತ ಅಲ್ಲಿ ನುಗ್ಗುತ್ತಾರೆ. ಅವರ ಹಿಂದೆ ಇನ್ನು ಹತ್ತು ಮಂದಿ. ಆಚೆ ಕಡೆಯವರೂ ಇದನ್ನೇ ಮಾಡಿರುತ್ತಾರೆ. ರೈಲು ಹೋಯಿತು, ಗೇಟ್ ತೆಗೆದರು. ಈಗ ರಸ್ತೆ ತುಂಬ ಗಾಡಿಗಳು ಎದುರುಬದುರು, ಮುಖಕ್ಕೆ ಮುಖ. ಯಾರೂ ಹೋಗುವ ಹಾಗಿಲ್ಲ. ಎಲ್ಲರೂ ಹಾರ್ನ್ ಹೊಡೆಯುತ್ತಾರೆ. ಎರಡು ನಿಮಿಷ ಮುಂಚೆ ಹೋಗಬೇಕು ಅಂತ ನುಗ್ಗಿದವನೇ ಹತ್ತು ನಿಮಿಷ ತಡವಾಗಿ ಹೋಗುತ್ತಾನೆ, ಸಾಲಿನಲ್ಲಿ ನಿಂತವರನ್ನೂ ತನ್ನ ಜೊತೆ ಕಟ್ಟಿಹಾಕುತ್ತಾನೆ. ಆ ಗೇಟಿನ ಹತ್ತಿರ ಹೊಸದಾಗಿ ಯಾವ ತೊಂದರೆಯೂ ಬರಲಿಲ್ಲ. ರಸ್ತೆ ಮೊದಲಿನಷ್ಟೇ ಅಗಲ ಇತ್ತು. ಜಾಮನ್ನು ಅಲ್ಲಿದ್ದವರೇ ತಯಾರು ಮಾಡಿದರು.

ಮೂರನೆಯದಾಗಿ, ಒಂದು ಸಣ್ಣ ಲೆಕ್ಕ ಮಾಡೋಣ. ಸಿಗ್ನಲ್ ಹಸಿರಾದಾಗ ಒಂದು ಸಾಲಿನಿಂದ ಸುಮಾರು ಎರಡು ಸೆಕೆಂಡಿಗೆ ಒಂದು ಕಾರು ದಾಟುತ್ತದೆ. ಮುಂದೆ ಜಾಗ ಇಲ್ಲ ಅಂತ ಗೊತ್ತಿದ್ದೂ ನಾನು ಜಂಕ್ಷನ್ ಮಧ್ಯಕ್ಕೆ ನುಗ್ಗಿ ನಿಂತೆ ಅಂದುಕೊಳ್ಳಿರಿ. ಅಡ್ಡ ರಸ್ತೆಯವರಿಗೆ ಹಸಿರು ಬಿತ್ತು, ಆದರೆ ನಾನು ಅಡ್ಡ ಇದ್ದೇನೆ. ಹತ್ತೇ ಹತ್ತು ಸೆಕೆಂಡ್. ಅಷ್ಟರಲ್ಲಿ ಐದು ಕಾರುಗಳು ದಾಟುವ ಅವಕಾಶ ಹೋಯಿತು. ಅವರಿಗೆ ಮುಂದಿನ ಹಸಿರು ಬರುವುದು ಮೂರು ನಿಮಿಷಕ್ಕೆ ಅಂದರೆ, ಐದು ಜನಕ್ಕೆ ಮೂರು ಮೂರು ನಿಮಿಷ, ಒಟ್ಟು ಹದಿನೈದು ನಿಮಿಷ. ಮುಂದಿನ ಹಸಿರಿನಲ್ಲಿ ಈ ಐವರು ಹೋಗುತ್ತಾರೆ, ಆದರೆ ಅವರ ಹಿಂದೆ ಇನ್ನೈವರು ಉಳಿಯುತ್ತಾರೆ. ಸಾಲು ಕರಗುವ ತನಕ ನನ್ನ ಹತ್ತು ಸೆಕೆಂಡ್ ಒಬ್ಬರಿಂದ ಒಬ್ಬರಿಗೆ ದಾಟುತ್ತಾ ಹೋಗುತ್ತದೆ. ನನಗೆ ಸಿಕ್ಕಿದ್ದೇನು? ಏನೂ ಇಲ್ಲ. ಗೆರೆಯ ಹಿಂದೆ ನಿಲ್ಲುವ ಬದಲು ಜಂಕ್ಷನ್ ಮಧ್ಯದಲ್ಲಿ ನಿಂತೆ, ಅಷ್ಟೇ.

ಆದರೆ ನನ್ನ ಮನಸ್ಸಾಕ್ಷಿ ಸುಮ್ಮನಿರುತ್ತದೆ. ಯಾಕೆ? ಯಾಕಂದ್ರೆ ನಷ್ಟ ಚೂರುಚೂರಾಗಿ ಹಂಚಿಹೋಗಿದೆ. ಇಂಗ್ಲೆಂಡಿನ ತತ್ವಜ್ಞಾನಿ ಡೆರೆಕ್ ಪಾರ್ಫಿಟ್ 1984ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಇದರ ಕುರಿತು ಒಂದು ಕಲ್ಪನೆಯ ಉದಾಹರಣೆ ಕೊಟ್ಟಿದ್ದಾರೆ. ಸಾವಿರ ಮಂದಿ ಹಿಂಸಕರು ಇದ್ದಾರೆ, ಸಾವಿರ ಮಂದಿ ಸೆರೆಯಾಳುಗಳು ಇದ್ದಾರೆ. ಮೊದಲು ಒಬ್ಬೊಬ್ಬ ಹಿಂಸಕನು ಒಬ್ಬೊಬ್ಬನಿಗೆ ಘೋರವಾದ ನೋವು ಕೊಡುತ್ತಿದ್ದ. ಆಮೇಲೆ ಪದ್ಧತಿ ಬದಲಾಯಿಸಿದರು. ಈಗ ಒಬ್ಬೊಬ್ಬ ಹಿಂಸಕನು ಒಂದು ಗುಂಡಿ ಒತ್ತುತ್ತಾನೆ, ಸಾವಿರ ಮಂದಿಗೂ ನೋವು ಗೊತ್ತೇ ಆಗದಷ್ಟು ಜಾಸ್ತಿಯಾಗುತ್ತದೆ. ಸಾವಿರ ಮಂದಿಯೂ ಗುಂಡಿ ಒತ್ತಿದಾಗ ನೋವು ಮೊದಲಿನಷ್ಟೇ ಘೋರ. ಈಗ ಪ್ರತಿಯೊಬ್ಬನೂ "ನಾನು ಯಾರಿಗೂ ಏನೂ ಮಾಡಿಲ್ಲ" ಅನ್ನಬಹುದಾ? ಅನ್ನುವ ಹಾಗಿಲ್ಲ ಅಂತ ಪಾರ್ಫಿಟ್ ವಾದಿಸುತ್ತಾರೆ. ಚೂರು ಸಣ್ಣದು ಅಂದ ಮಾತ್ರಕ್ಕೆ ಕೈ ಶುದ್ಧ ಆಗುವುದಿಲ್ಲ. ಪ್ರಿಯರೇ, ರಸ್ತೆಯಲ್ಲಿ ನಾವು ಹೇಳಿಕೊಳ್ಳುವ ಸಮಾಧಾನವೂ ಇದೇ ಅಲ್ವಾ? "ಎರಡೇ ನಿಮಿಷ ನಿಲ್ಲಿಸ್ತೀನಿ", "ನಾನೊಬ್ಬನೇ ತಾನೇ ಯೂ-ಟರ್ನ್ ಹೊಡೀತಿರೋದು."

ಈಗ ಇದರ ಮುಖ್ಯ ವಿಷಯಕ್ಕೆ ಬರೋಣ. ಯೆರೂಸಲೇಮಿನಿಂದ ಯೆರಿಕೋವಿಗೆ ಇಳಿದುಹೋಗುವ ದಾರಿಯಲ್ಲಿ ಪೆಟ್ಟು ತಿಂದು ಬಿದ್ದಿದ್ದ ಮನುಷ್ಯನ ಕಥೆ ನಿಮಗೆಲ್ಲರಿಗೂ ಗೊತ್ತು. ನನ್ನ ನೆರೆಯವನು ಯಾರು ಎಂಬ ಪ್ರಶ್ನೆಗೆ ಕರ್ತನು ಹೇಳಿದ ಆ ಸಾಮ್ಯವೂ ನಡೆಯುವುದು ರಸ್ತೆಯಲ್ಲೇ. ಯಾಜಕನೂ ಲೇವಿಯನೂ ಅವನನ್ನು ನೋಡಿದರು, ನೋಡಿಯೂ ದಾಟಿಹೋದರು. ಸಮಾರ್ಯದವನು ನೋಡಿ ಕನಿಕರಪಟ್ಟನು. ಮೂವರೂ ನೋಡಿದರು ಎಂಬುದನ್ನು ಗಮನಿಸಿರಿ. ಬಿದ್ದವನು ಅವರ ಮುಂದೆಯೇ ಇದ್ದನು. ನಮ್ಮ ರಸ್ತೆಗಳಲ್ಲಿ ಆಗುವುದೇ ಬೇರೆ. ನಮ್ಮಿಂದ ನೋಯುವವನು ನಮ್ಮ ಮುಂದೆ ಇರುವುದಿಲ್ಲ, ಹಿಂದೆ ಇರುತ್ತಾನೆ, ಇನ್ನೂರು ಗಾಡಿಗಳ ಹಿಂದೆ. ಅವನ ಮುಖ ನಮಗೆ ಕಾಣಿಸುವುದಿಲ್ಲ. ಅದಕ್ಕೇ ಕನಿಕರವೂ ಹುಟ್ಟುವುದಿಲ್ಲ. ಕಣ್ಣಿಗೆ ಕಂಡವನಿಗೆ ಕನಿಕರ ತೋರಿಸುವುದು ಒಳ್ಳೆಯದು. ಕಾಣದವನನ್ನು ಮನಸ್ಸಿನಲ್ಲಿ ಕಂಡು ಅವನಿಗೋಸ್ಕರ ಬ್ರೇಕ್ ಒತ್ತುವುದು, ಜಾಗ ಬಿಡುವುದು, ಇದಕ್ಕೆ ಇನ್ನೂ ಹೆಚ್ಚಿನ ಪ್ರೀತಿ ಬೇಕು.

ಅವನು ಯಾರು ಅಂತ ಯೋಚಿಸಿರಿ. ಬಸ್ ಸ್ಟಾಪಿನ ಮುಂದೆ ಕಾರು ನಿಲ್ಲಿಸುತ್ತೀರಿ. ಬಿಎಂಟಿಸಿ ಬಸ್ಸು ರಸ್ತೆ ಮಧ್ಯದಲ್ಲೇ ನಿಲ್ಲಬೇಕಾಗುತ್ತದೆ. ಬಸ್ಸಿನಲ್ಲಿ ಐವತ್ತು ಜನ. ಅದರಲ್ಲಿ ಒಬ್ಬಳು ಗಾರ್ಮೆಂಟ್ಸ್‌ಗೆ ಹೋಗುವ ತಾಯಿ, ಸ್ವಲ್ಪ ತಡವಾದರೂ ಬಾಗಿಲಲ್ಲೇ ಬೈಸಿಕೊಳ್ಳುತ್ತಾಳೆ. ಇನ್ನೊಬ್ಬನು ದಿನಗೂಲಿಯವನು, ತಡವಾದರೆ ಆ ದಿನದ ಕೆಲಸ ಬೇರೆಯವನಿಗೆ. ಅವರ ಹಿಂದೆ ಒಂದು ಆಂಬುಲೆನ್ಸ್. ಅದಕ್ಕೆ ದಾರಿ ಬಿಡದಿದ್ದರೆ ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಆದ ತಿದ್ದುಪಡಿಯ ಪ್ರಕಾರ ಆರು ತಿಂಗಳವರೆಗೆ ಜೈಲು, ಅಥವಾ 10,000 ರೂಪಾಯಿ ದಂಡ, ಅಥವಾ ಎರಡೂ. ಕಾನೂನು ಹಿಡಿಯುವುದು ಆಂಬುಲೆನ್ಸಿನ ಎದುರಿಗೆ ಅಡ್ಡ ಇರುವವನನ್ನು. ಅರ್ಧ ಗಂಟೆ ಮುಂಚೆ ಅಡ್ಡ ನುಗ್ಗಿ ಆ ಸಾಲನ್ನು ಬೆಳೆಸಿ ಹೋದವನನ್ನು ಯಾವ ಪೊಲೀಸೂ ಹಿಡಿಯಲಾರ. ಅವನನ್ನು ಕೇಳಬೇಕಾದದ್ದು ಅವನ ಮನಸ್ಸಾಕ್ಷಿ ಮಾತ್ರ.

ಕೆಲವರು ಹೇಳುತ್ತಾರೆ, "ಪಾಸ್ಟರೇ, ರಸ್ತೆ ಸರಿ ಇಲ್ಲ, ಗುಂಡಿ ಮುಚ್ಚಲ್ಲ, ಬಸ್ಸು ಸಾಲಲ್ಲ. ನಮ್ಮನ್ನೇ ಯಾಕೆ ಬೈತೀರಿ?" ನಿಜ. ರಸ್ತೆಯ ಮೇಲೆ ಗಾಡಿ ಒಂದು ಮಿತಿಗಿಂತ ಹೆಚ್ಚಾದರೆ ಎಷ್ಟು ಒಳ್ಳೆಯವರು ಓಡಿಸಿದರೂ ಜಾಮ್ ಆಗುತ್ತದೆ. ನಗೋಯಾದಲ್ಲೂ ಕಾರುಗಳು ಒತ್ತೊತ್ತಾಗಿ ಇದ್ದದ್ದರಿಂದಲೇ ಅಲೆ ಎದ್ದಿತು. ಅಧಿಕಾರದಲ್ಲಿ ಇರುವವರು ಉತ್ತರ ಕೊಡಬೇಕು, ನಾವು ಕೇಳಬೇಕು. ಹತ್ತು ನಿಮಿಷದಲ್ಲಿ ಸಾಮಾನು ಬರಬೇಕು ಅಂತ ಡೆಲಿವರಿ ಹುಡುಗನನ್ನು ಓಡಿಸುವ ನಾವೂ ಉತ್ತರ ಕೊಡಬೇಕು. ಅವನು ರಾಂಗ್ ಸೈಡ್‌ನಲ್ಲಿ ಬಂದರೆ ಆ ತಪ್ಪಿನಲ್ಲಿ ನಮ್ಮ ಆತುರಕ್ಕೂ ಪಾಲಿದೆ. ಆದರೆ ಗುಂಡಿ ಯಾರನ್ನೂ ಜಂಕ್ಷನ್ ಮಧ್ಯಕ್ಕೆ ನುಗ್ಗು ಅಂತ ಹೇಳಿಲ್ಲ. ಇನ್ನೊಬ್ಬರ ತಪ್ಪು ದೊಡ್ಡದು ಅಂದ ಮಾತ್ರಕ್ಕೆ ನನ್ನದು ಇಲ್ಲವಾಗುವುದಿಲ್ಲ.

ಇನ್ನು ಕೆಲವರು, "ಮುಂದೆ ಜಾಗ ಬಿಟ್ಟರೆ ಇನ್ನೊಬ್ಬ ತೂರಿಕೊಳ್ತಾನೆ" ಅನ್ನುತ್ತಾರೆ. ಹೌದು, ತೂರಿಕೊಳ್ತಾನೆ. ಒಬ್ಬನು ತೂರಿಕೊಂಡರೆ ನಿಮಗೆ ಸುಮಾರು ಎರಡು ಸೆಕೆಂಡ್ ತಡ. ಹತ್ತು ಜನ ಬಂದರೂ ಇಪ್ಪತ್ತು ಸೆಕೆಂಡ್. ಒಳ್ಳೆಯತನಕ್ಕೆ ಬೆಲೆಯೇ ಇಲ್ಲ ಅಂತ ನಾನು ಹೇಳುವುದಿಲ್ಲ. ಬೆಲೆ ಇದೆ, ಅದು ಇಪ್ಪತ್ತು ಸೆಕೆಂಡ್. ಕೊಡಲಿಕ್ಕೆ ಆಗದಷ್ಟು ದೊಡ್ಡದಾ ಅದು?

"ನಾನೊಬ್ಬ ಸರಿಯಾಗಿ ಓಡಿಸಿದರೆ ಏನು ಪ್ರಯೋಜನ?" ಎಂಬುದಕ್ಕೂ ಉತ್ತರ ಇದೆ. ಅಮೆರಿಕದ ಅರಿಜೋನಾ ರಾಜ್ಯದ ಟೂಸಾನ್‌ನಲ್ಲಿ ನಗೋಯಾದ ಹಾಗೆಯೇ ದುಂಡನೆಯ ದಾರಿಯಲ್ಲಿ ಇಪ್ಪತ್ತಕ್ಕಿಂತ ಹೆಚ್ಚು ಕಾರುಗಳನ್ನು ಓಡಿಸಿದರು. ಅದರ ವರದಿ ಬಂದದ್ದು 2018ರಲ್ಲಿ. ಅಷ್ಟು ಕಾರುಗಳಲ್ಲಿ ಒಂದೇ ಒಂದು ಕಾರಿನ ವೇಗವನ್ನು ಕಂಪ್ಯೂಟರ್ ನೋಡಿಕೊಳ್ಳುತ್ತಿತ್ತು. ಅದು ಮಾಡಿದ್ದು ಬಹಳ ಸರಳ ಕೆಲಸ. ಮುಂದಿನ ಕಾರಿನ ಬೆನ್ನಿಗೆ ಅಂಟಿಕೊಳ್ಳದೆ, ಜಾಗ ಬಿಟ್ಟು, ಒಂದೇ ಸಮನಾದ ವೇಗದಲ್ಲಿ ಹೋಯಿತು. ಅಲೆ ಅದರ ಹತ್ತಿರ ಬಂದು ಇಳಿದುಹೋಯಿತು. ಎಲ್ಲರ ಬ್ರೇಕ್ ಒತ್ತುವಿಕೆ ಕಡಿಮೆಯಾಯಿತು, ಇಂಧನದ ಖರ್ಚು ಶೇಕಡಾ 40ರವರೆಗೂ ಇಳಿಯಿತು. ಅದು ಒಂದೇ ಸಾಲಿನ ದಾರಿ, ಪಕ್ಕದಿಂದ ತೂರುವ ಬೈಕ್ ಇರಲಿಲ್ಲ, ಒಪ್ಪುತ್ತೇನೆ. ನಮ್ಮ ಮೈಸೂರು ರೋಡ್‌ನಲ್ಲಿ ಒಬ್ಬನಿಂದ ಅಷ್ಟು ಆಗಲಿಕ್ಕಿಲ್ಲ. ಆದರೂ "ಒಬ್ಬನಿಂದ ಏನೂ ಆಗಲ್ಲ" ಎಂಬ ಮಾತು ಸುಳ್ಳು ಅಂತ ಅದು ತೋರಿಸಿಕೊಟ್ಟಿತು. ಇಪ್ಪತ್ತು ಜನರ ಮಧ್ಯೆ ಒಬ್ಬನು ತಾಳ್ಮೆಯಿಂದ ಇದ್ದರೆ ಅವನ ಹಿಂದಿರುವವರಿಗೆ ನೆಮ್ಮದಿ.

ಆದದರಿಂದ ಪ್ರಿಯರೇ, ಈ ವಾರ ಮಾಡಬೇಕಾದದ್ದು ಇಷ್ಟು. ಹತ್ತು ನಿಮಿಷ ಮುಂಚೆ ಮನೆ ಬಿಡಿರಿ, ಯಾಕಂದ್ರೆ ತಡವಾಗಿ ಹೊರಟವನ ತಾಳ್ಮೆ ಗೇಟು ದಾಟುವ ಮೊದಲೇ ಮುಗಿದಿರುತ್ತದೆ. ಮುಂದಿನ ಗಾಡಿಗೂ ನಿಮಗೂ ಮಧ್ಯೆ ಜಾಗ ಇರಲಿ. ಜಂಕ್ಷನ್‌ನ ಆಚೆ ಜಾಗ ಕಾಣುವ ತನಕ ಗೆರೆ ದಾಟಬೇಡಿರಿ, ಹಿಂದಿನವನು ಎಷ್ಟು ಹಾರ್ನ್ ಹೊಡೆದರೂ ಸರಿ. ಎರಡು ರಸ್ತೆ ಕೂಡುವ ಕಡೆ ಅವರದೊಂದು ಗಾಡಿ, ನಮ್ಮದೊಂದು ಗಾಡಿ ಹೋಗಲಿ. ಬಸ್ ಸ್ಟಾಪಿನ ಮುಂದೆ ನಿಲ್ಲಿಸಬೇಡಿರಿ. ಈಗ ಆರಾಧನೆ ಮುಗಿಸಿ ಹೊರಗೆ ಹೋದಾಗ, ಪಕ್ಕದ ಮನೆಯವರ ಗೇಟಿಗೆ ಯಾರ ಗಾಡಿ ಅಡ್ಡ ಇದೆ ಅಂತ ಮೊದಲು ನೋಡಿರಿ, ಅದನ್ನು ತೆಗೆದ ಮೇಲೆ ಕುಶಲ ಮಾತಾಡಿರಿ. ನಮ್ಮ ಹಾಡು ಆ ಮನೆಯವರಿಗೆ ಕೇಳಿಸಿದೆ. ನಮ್ಮ ಗಾಡಿಯೂ ಅವರಿಗೆ ಕಾಣಿಸುತ್ತಿದೆ.

ನೀವು ಜಾಗ ಬಿಟ್ಟಿದ್ದರಿಂದ ಮೂರು ನಿಮಿಷ ಮುಂಚೆ ಮನೆ ಸೇರಿದವನು ನಿಮಗೆ ಥ್ಯಾಂಕ್ಸ್ ಹೇಳುವುದಿಲ್ಲ. ಅವನಿಗೆ ಗೊತ್ತೇ ಇರುವುದಿಲ್ಲ. ಇರಲಿ. ಯಾರಿಗೂ ಕಾಣದ ಹಾಗೆ ಮಾಡಿದ ಒಳ್ಳೆಯದನ್ನು ನೋಡುವವನು ಒಬ್ಬನಿದ್ದಾನೆ ಅಂತ ನಂಬುವವರು ನಾವು. ಆ ನಂಬಿಕೆ ಸ್ಟೇರಿಂಗ್ ಹಿಡಿದಾಗಲೂ ನಮ್ಮ ಜೊತೆ ಇರಲಿ. ಆಮೆನ್.