ಬಿಕಲಂ ಇಲ್ಲದ ಸಹಿ

‘ಖಾತೆ’ ಅನ್ನುವ ಶಬ್ದ ನಮಗೆ ಹೊಸದಲ್ಲ. ಹೊಲಕ್ಕೆ ಖಾತೆ ಇದೆ, ಬ್ಯಾಂಕಿನಲ್ಲಿ ಖಾತೆ ಇದೆ, ಕಿರಾಣಿ ಅಂಗಡಿಯಲ್ಲಿ ಉದ್ರಿ ಖಾತೆ ಇದೆ. ನಮ್ಮ ಹರಿಪುರದಲ್ಲಿ ಅರಿಶಿನ ತುಂಬಿಡುತ್ತಿದ್ದ ಪೇವುಗಳು, ಅಂದರೆ ನೆಲದೊಳಗಿನ ಹಗೇವುಗಳು, ಹಿರಿಯರಿಗೆಲ್ಲ ಗೊತ್ತು. 2005ರ ಮಹಾಪೂರದಲ್ಲಿ ಅವುಗಳಲ್ಲಿ ಬಹಳಷ್ಟು ಹಾಳಾದವು. ಬಾಯಿ ಮುಚ್ಚಿ ಮಣ್ಣು ಹಾಕಿದ ಮೇಲೆ ಎಲ್ಲ ಪೇವೂ ಒಂದೇ ಥರ ಕಾಣುತ್ತದೆ. ಯಾರ ಮಾಲು ಯಾವುದರಲ್ಲಿದೆ ಅಂತ ಹೇಳುವುದು ಮಣ್ಣಲ್ಲ, ಖಾತೆ. ಆ ಖಾತೆಯ ಮೇಲೆ ಭರೋಸಾ ಇರೋತನಕ ವ್ಯಾಪಾರ ನಡೀತದ.

ಈಗ ಫೋನಿನೊಳಗೂ ಖಾತೆಗಳು ಬಂದಿವೆ. ಯಾವುದಾದರೂ ವೆಬ್‌ಸೈಟಿಗೆ ಹೋದರೆ ಬಾಗಿಲಲ್ಲೇ ಒಂದು ಪಟ್ಟಿ ತೆರೆದುಕೊಳ್ಳುತ್ತದೆ: ಯಾವ ಖಾತೆಯಿಂದ ಒಳಗೆ ಬರುತ್ತೀರಿ? ಒಂದೇ ಫೋನಿನಲ್ಲಿ ಮಗನ ಹೆಸರು, ಅವ್ವನ ಹೆಸರು, ಶಾಲೆಯ ಹೆಸರು, ಬಾಜೂ ಮನೆ ಕಾಕಾನ ಹೆಸರು ಸಾಲಾಗಿ ನಿಂತಿರುತ್ತವೆ. ಬೆರಳು ಯಾವ ಹೆಸರಿಗೆ ತಾಗಿತೋ ಆ ಹೊತ್ತಿಗೆ ನಾವು ಅವರೇ. ‘ಇದರಾಗ ಧರ್ಮ-ಅಧರ್ಮದ ಮಾತೇನು ಬಂತು, ಬಟನ್ ಒತ್ತೋದು ಅಷ್ಟ ಅಲ್ಲೇನ್ರಿ?’ ಅಂತ ಕೆಲವರು ಕೇಳಬಹುದು. ನನಗೆ ಹಾಗನಿಸುವುದಿಲ್ಲ. ಇನ್ನೊಬ್ಬರ ಹೆಸರಿನಲ್ಲಿ ಒಂದು ಗೆರೆ ಎಳೆಯುವಾಗಲೂ ಹಿಂದಿನವರು ಕೆಲವು ಕಟ್ಟುಪಾಡು ಇಟ್ಟುಕೊಂಡಿದ್ದರು. ಫೋನು ಬಂದ ಮೇಲೆ ಆ ಕಟ್ಟುಪಾಡು ಎಲ್ಲಿ ಹೋಯಿತು ಅನ್ನುವುದೇ ನನ್ನ ಪ್ರಶ್ನೆ.

ಮೊದಲು ಆ ಬಾಗಿಲಿನ ರೀತಿ ನೋಡೋಣ. ಪಾಸ್‌ವರ್ಡ್ ಅಥವಾ ಒಟಿಪಿ ಸರಿ ಇದ್ದರೆ ವೆಬ್‌ಸೈಟು ನಮ್ಮ ಫೋನಿಗೆ ಒಂದು ಗುರುತಿನ ಚೀಟಿ ಕೊಡುತ್ತದೆ. ಅದಕ್ಕೆ ಕುಕಿ ಅನ್ನುತ್ತಾರೆ. ಮುಂದೆ ಪ್ರತಿ ಪುಟದಲ್ಲೂ ಫೋನು ಆ ಚೀಟಿಯನ್ನು ತೋರಿಸುತ್ತ ಹೋಗುತ್ತದೆ. ಎಷ್ಟೋ ಕಡೆ ಪುಟ ಮುಚ್ಚಿದರೂ ಚೀಟಿ ಉಳಿಯುತ್ತದೆ. ‘ಸೈನ್ ಔಟ್’ ಒತ್ತಿದಾಗ ಅದು ರದ್ದಾಗುತ್ತದೆ. ಗೂಗಲ್‌ನಂಥ ಕಡೆ ಹಲವು ಖಾತೆಗಳ ಚೀಟಿಗಳನ್ನು ಒಟ್ಟಿಗೇ ಇಟ್ಟುಕೊಂಡು, ಒಂದರಿಂದ ಒಂದಕ್ಕೆ ಹಾರಬಹುದು. ಅಂದರೆ ಕಾವಲುಗಾರ ನೋಡುವುದು ಚೀಟಿಯನ್ನು, ಮುಖವನ್ನಲ್ಲ. ಚೀಟಿ ಅವ್ವನದಾಗಿ, ಬೆರಳು ಮಗನದಾಗಿದ್ದರೂ ಅವನಿಗೆ ಅದು ತಿಳಿಯುವುದಿಲ್ಲ.

ಒಬ್ಬರಿಗೆ ಎರಡು ಖಾತೆ ಇರುವುದು ತಪ್ಪಲ್ಲ. ಶಾಲೆಯ ಗುರುಗಳನ್ನೇ ತಗೊಳ್ರಿ. ಅವರಿಗೆ ತಮ್ಮದೊಂದು ಖಾತೆ, ಶಾಲೆಯದೊಂದು ಖಾತೆ. ಮನೆಯಲ್ಲಿ ಅವರು ಅಪ್ಪ, ಶಾಲೆಯಲ್ಲಿ ಗುರು, ಇಬ್ಬರೂ ಸುಳ್ಳಲ್ಲ. ಆದರೆ ಮಕ್ಕಳ ಫೋಟೋ, ಹಾಜರಿ, ಅಂಕಗಳು ಅವರ ಸ್ವಂತ ಖಾತೆಯಲ್ಲಿ ಹೋಗಿ ಕೂತರೆ? ಬದಲಿಯಾಗಿ ಹೋದ ದಿನ ಅವೂ ಅವರ ಜೊತೆ ಊರು ಬಿಡುತ್ತವೆ. ತಿರುಗಿ ನೋಡಿದರೆ, ಸ್ವಂತ ಅಭಿಪ್ರಾಯವೊಂದು ಶಾಲೆಯ ಖಾತೆಯಿಂದ ಹೊರಟರೆ ಓದುವವರು ಅದನ್ನು ಶಾಲೆಯ ಮಾತು ಅಂತಲೇ ತಿಳಿಯುತ್ತಾರೆ. ಖಾತೆ ಬದಲಿಸುವುದು ಇಲ್ಲಿ ಸೌಕರ್ಯಕ್ಕಾಗಿ ಅಲ್ಲ, ಮರ್ಯಾದೆಗಾಗಿ. ಚಪ್ಪಲಿ ಹೊರಗ ಬಿಟ್ಟು ಗುಡಿಯೊಳಗ ಹೋದಂಗ.

ಇದಕ್ಕಿಂತ ಕಠಿಣವಾದದ್ದು ಬೇರೆಯವರ ಖಾತೆಯ ಮಾತು. ಮಹಾರಾಷ್ಟ್ರದಲ್ಲಿ 2021ರ ಆಗಸ್ಟ್ 15ರಿಂದ ಇ-ಪೀಕ ಪಾಹಣಿ ರಾಜ್ಯದ ತುಂಬ ಶುರುವಾಯಿತು. ರೈತ ತನ್ನ ಹೊಲದಲ್ಲಿ ನಿಂತು, ಬೆಳೆಯ ಫೋಟೋ ತೆಗೆದು, ತಾನೇ ದಾಖಲಿಸಬೇಕು. ಅದು ಸಾತ್‌ಬಾರಾ ಉತಾರೆಗೆ ಏರುತ್ತದೆ. ಎಲ್ಲರ ಹತ್ತಿರ ಅಂಥ ಫೋನು ಇಲ್ಲವಲ್ಲ, ಅದಕ್ಕೆ ಒಂದೇ ಫೋನಿನಿಂದ ಹಲವು ಖಾತೇದಾರರ ಬೆಳೆ ದಾಖಲಿಸಲು ಅವಕಾಶ ಇದೆ. ಒಳ್ಳೆಯ ಸೌಲಭ್ಯ. ಓದಿದ ಒಬ್ಬ ಹುಡುಗ ಓಣಿಯ ಹತ್ತು ಮಂದಿಯ ಕೆಲಸ ಮುಗಿಸಿಕೊಡುತ್ತಾನೆ. ಆದರೆ ಹೆಸರು ಬದಲಿಸುವುದನ್ನು ಮರೆತರೆ, ಅಥವಾ ಮನೆಯಲ್ಲಿ ಕೂತು ಅಂದಾಜಿನ ಮೇಲೆ ತುಂಬಿದರೆ, ಒಬ್ಬರ ಕಬ್ಬು ಇನ್ನೊಬ್ಬರ ಉತಾರೆಯಲ್ಲಿ ಬೆಳೆಯುತ್ತದೆ. ನಾಳೆ ಪರಿಹಾರಕ್ಕೋ ಸಾಲಕ್ಕೋ ಕಾಗದ ತೆಗೆದಾಗ ಪೇಚಿಗೆ ಬೀಳುವವನು ಆ ಹುಡುಗನಲ್ಲ, ಖಾತೇದಾರ. ‘ನಾ ಏನೂ ಮಾಡಿಲ್ರಿ ಸಾಹೇಬ್ರ’ ಅಂದರೆ, ‘ನಿನ್ನ ಹೆಸರಿಲೇ ಆಗ್ಯದಲ್ಲಪಾ’ ಅನ್ನುತ್ತದೆ ಕಚೇರಿ. ಇಬ್ಬರದೂ ಖರೇನೇ. ಕಷ್ಟ ಇರುವುದು ಅಲ್ಲೇ.

ಈಗ ಹಳೆಯ ಕಾಗದಪತ್ರ ನೆನೆಸಿಕೊಳ್ಳಿ. ಅಕ್ಷರ ಬಾರದವರು ಹೆಬ್ಬೆಟ್ಟು ಒತ್ತುತ್ತಿದ್ದರು. ಬಾಜೂಕ್ಕೆ ಇದು ಇಂಥವರ ಹೆಬ್ಬೆಟ್ಟು ಅಂತ ಬರೆಯುತ್ತಿದ್ದರು. ಕೆಳಗೆ ಸಾಕ್ಷಿಗಳ ಸಹಿ. ಕೊನೆಗೆ, ಕಾಗದ ಬರೆದವನು ‘ಬಿಕಲಂ’ ಅಂತ ಹಾಕಿ ತನ್ನ ಹೆಸರು ಬರೆಯುತ್ತಿದ್ದ. ಇಂಥವನ ಲೇಖಣಿಯಿಂದ ಅಂತ ಅದರ ಅರ್ಥ. ಮಾತು ಯಾರದು, ಕೈ ಯಾರದು ಎಂಬ ಎರಡೂ ಸಂಗತಿ ಒಂದೇ ಹಾಳೆಯ ಮೇಲೆ ಉಳಿಯುತ್ತಿದ್ದವು. ನಾಳೆ ತಂಟೆ ಬಂದರೆ ಬರೆದವನನ್ನೂ ಕರೆದು ಕೇಳಬಹುದಿತ್ತು. ಫೋನಿನಲ್ಲಿ ಮಾತಿನವನ ಹೆಸರು ಮಾತ್ರ ಉಳಿಯುತ್ತದೆ. ಕೈ ಯಾರದು ಅನ್ನುವುದು ಅಳಿಸಿಹೋಗುತ್ತದೆ. ಖಾತೆ ಬದಲಿಸಿ ಇನ್ನೊಬ್ಬರ ಪರವಾಗಿ ಕೆಲಸ ಮಾಡುವ ನಾವೆಲ್ಲ ಬಿಕಲಂ ಇಲ್ಲದ ಲೇಖಕರು.

ಕಾನೂನು ಇದೆಯಲ್ಲ ಅನ್ನಬಹುದು. ಇದೆ. ಮಾಹಿತಿ ತಂತ್ರಜ್ಞಾನ ಕಾಯ್ದೆಯ 66-ಸಿ ಕಲಮಿನ ಪ್ರಕಾರ ಇನ್ನೊಬ್ಬರ ಪಾಸ್‌ವರ್ಡನ್ನು ಮೋಸದಿಂದ ಬಳಸಿದವರಿಗೆ 3 ವರ್ಷದವರೆಗೆ ಸಜೆ, 1 ಲಕ್ಷ ರೂಪಾಯಿವರೆಗೆ ದಂಡ ಆಗಬಹುದು. ಆದರೆ ಕಾನೂನು ಹಿಡಿಯುವುದು ಮೋಸವನ್ನು. ನಮ್ಮ ಮನೆಗಳಲ್ಲಿ ನಡೆಯುವುದು ಮೋಸವಲ್ಲ, ಸಲಿಗೆ. ‘ಅವ್ವಗ ಏನ್ ತಿಳೀತದ, ನಾನ ಒತ್ತಿಬಿಡ್ತೀನಿ’ ಅನ್ನುವ ಸಲಿಗೆ. ಕಾನೂನಿಗೆ ಕಾಣದ ಈ ಜಾಗದಲ್ಲೇ ನೀತಿಯ ಕೆಲಸ ಇರುವುದು.

ಇದಕ್ಕೊಂದು ಆಕ್ಷೇಪ ಇದೆ, ಅದು ಸಣ್ಣದಲ್ಲ. ಎಲ್ಲರೂ ತಮ್ಮ ಕೆಲಸ ತಾವೇ ಮಾಡಬೇಕು ಅಂದರೆ ಅರ್ಧ ಊರಿನ ಕೆಲಸ ನಿಂತುಹೋಗುತ್ತದೆ. ನಮ್ಮ ಜಿಲ್ಲೆಯಲ್ಲಿ, ಅದರಲ್ಲೂ ಜತ್ತ ಕಡೆ, ಕನ್ನಡ ಶಾಲೆಯಲ್ಲಿ ಕಲಿತವರು ಬಹಳ. ಪರದೆಯ ಮೇಲೆ ಬರುವುದು ಮರಾಠಿ, ಇಲ್ಲವೇ ಇಂಗ್ಲಿಷು. ಕಣ್ಣು ಮಂಜಾದ ಅಜ್ಜಿಗೆ ಆರು ಅಂಕಿಯ ಒಟಿಪಿ ಓದಲಾಗದು. ಸಹಾಯ ಬೇಡ ಅನ್ನುವುದು ನಿರ್ದಯ. ಹೌದು, ಸಹಾಯ ಬೇಕೇ ಬೇಕು. ಆದರೆ ಒಬ್ಬರ ಪಕ್ಕಕ್ಕೆ ಕೂತು ಕೆಲಸ ಮಾಡಿಕೊಡುವುದು ಬೇರೆ, ಅವರ ಜಾಗದಲ್ಲಿ ಕೂತು ಮಾಡಿಬಿಡುವುದು ಬೇರೆ. ಮೊದಲನೆಯದರಲ್ಲಿ ಅಜ್ಜಿ ಇದ್ದಾಳೆ; ಎರಡನೆಯದರಲ್ಲಿ ಅವಳ ಹೆಸರಷ್ಟೇ ಇದೆ.

ಈ ಭೇದ ನಮ್ಮ ಸಾಂಗಲಿಯ ರಂಗಭೂಮಿಗೆ ಚೆನ್ನಾಗಿ ಗೊತ್ತಿತ್ತು. ಕರ್ನಾಟಕದಿಂದ ಬಂದ ಭಾಗವತರ ಮೇಳದ ಆಟ ನೋಡಿದ ಸಂಸ್ಥಾನಿಕ ಚಿಂತಾಮಣರಾವ್ ಪಟವರ್ಧನರು ಅಂಥದ್ದೇ ಒಂದನ್ನು ಮರಾಠಿಯಲ್ಲಿ ಮಾಡು ಅಂತ ವಿಷ್ಣುದಾಸ ಭಾವೆಯವರಿಗೆ ಹೇಳಿದರು. 1843ರಲ್ಲಿ ‘ಸೀತಾಸ್ವಯಂವರ’ ರಂಗಕ್ಕೆ ಬಂತು. ಆ ಆಟಗಳಲ್ಲಿ ಪಾತ್ರಗಳ ಪದಗಳನ್ನು ಸೂತ್ರಧಾರನೇ ಹಾಡುತ್ತಿದ್ದ. ರಾಮನ ಪದವೂ ಅವನದೇ ಕಂಠ, ರಾವಣನ ಪದವೂ ಅವನದೇ ಕಂಠ. ಯಾರಿಗೂ ಮೋಸ ಆಗಲಿಲ್ಲ, ಯಾಕಂದರೆ ಸೂತ್ರಧಾರ ಎಲ್ಲರ ಕಣ್ಣೆದುರಿಗೆ ನಿಂತಿದ್ದ. ಸುಳ್ಳು ಹೆಸರಿನ ಖಾತೆ ತೆರೆದು ಊರವರನ್ನು ಬೈಯುವವನೂ ವೇಷ ಹಾಕುತ್ತಾನೆ. ಆದರೆ ಅವನ ಆಟದಲ್ಲಿ ನೋಡುವವರಿಗೆ ಅದು ವೇಷ ಅಂತ ತಿಳಿಯುವುದಿಲ್ಲ. ವೇಷ ತಪ್ಪಲ್ಲ, ಬಚ್ಚಿಟ್ಟುಕೊಳ್ಳುವುದು ತಪ್ಪು.

ಹಾಗಾದರೆ ಮಾಡುವುದೇನು? ಫೋನು ಬಿಕಲಂ ಬರೆಯುವುದಿಲ್ಲವಾದರೆ ನಾವೇ ಬರೆದುಕೊಳ್ಳಬೇಕು. ವಾಚನಾಲಯದಲ್ಲಿ ಒಂದು ನೂರು ಪುಟದ ವಹಿ ಇಟ್ಟರೆ ಸಾಕು: ತಾರೀಖು, ಯಾರ ಕೆಲಸ, ಏನು ಕೆಲಸ, ಕೈ ಯಾರದು. ಒತ್ತುವ ಮೊದಲು ಪರದೆಯ ಮೇಲಿನ ಹೆಸರನ್ನು ಗಟ್ಟಿಯಾಗಿ ಓದಬೇಕು, ಏನಕ್ಕೆ ಒಪ್ಪಿಗೆ ಕೊಡುತ್ತಿದ್ದಾರೆ ಅಂತ ಅವರ ಭಾಷೆಯಲ್ಲಿ ಹೇಳಬೇಕು, ‘ಆತು, ಒತ್ತು’ ಅಂತ ಅವರ ಬಾಯಿಂದ ಬರಬೇಕು. ಕೆಲಸ ಮುಗಿದ ಮೇಲೆ ಸೈನ್ ಔಟ್ ಮಾಡಿ ತೋರಿಸಬೇಕು. ಪಾಸ್‌ವರ್ಡ್ ಮನೆಯ ಕೀಲಿಕೈ ಇದ್ದಂತೆ; ಕೆಲಸಕ್ಕೆ ತಗೊಂಡವರು ತಿರುಗಿ ಕೊಡಬೇಕು.

ಇದಕ್ಕೆಲ್ಲ ಒಂದು ಕೆಲಸಕ್ಕೆ ಎರಡು ನಿಮಿಷ ಜಾಸ್ತಿ ಹಿಡಿಯುತ್ತದೆ. ಸರದಿಯಲ್ಲಿ ನಿಂತವರು ಗೊಣಗಬಹುದು. ಗೊಣಗಲಿ. ಅವರ ಸರದಿ ಬಂದಾಗ ಅವರ ಹೆಸರಿಗೂ ಅಷ್ಟೇ ಹೊತ್ತು ಸಿಗತದ.