ಯಾವ ನೆಲದಲ್ಲಿ ನೆಲೆಸಲಿ?

ಪ್ರಿಯ ಸಹೋದರೀ,

ನರ್ಸಿಂಗ್ ಕಲಿತು ಪರದೇಶಕ್ಕೆ ಹೊರಟಿರುವ ನಿಮ್ಮ ಮುಂದೆ ಎರಡು ದಾರಿಗಳಿವೆ: ಒಂದು ಸೌದಿ ಅರೇಬಿಯಾಕ್ಕೆ, ಇನ್ನೊಂದು ಇಂಗ್ಲೆಂಡಿಗೆ. ಹರಮ್‌ಗಳಿರುವ ನಾಡು, ಐದು ಹೊತ್ತೂ ಬಾಂಗ್ ಕೇಳಿಸುತ್ತದೆ ಎಂದು ಮನೆಯ ಹಿರಿಯರು ಹೇಳುತ್ತಾರೆ. ಇಂಗ್ಲೆಂಡಿನಲ್ಲಾದರೆ ಮುಂದೆ ಅಲ್ಲೇ ನೆಲೆಸಬಹುದು ಎನ್ನುತ್ತಾರೆ ಗೆಳತಿಯರು. ಸತ್ಯವಿಶ್ವಾಸಿನಿಯಾದ ನೀವು ಯಾವ ಮಾನದಂಡದಿಂದ ಅಳೆಯುವಿರಿ?

ಪ್ರವಾದಿವರ್ಯರ(ಸ) ಸಂಗಾತಿ ಅಬುದ್ದರ್ದಾ(ರ) ಅವರು ಪವಿತ್ರ ನಾಡಾದ ಶಾಮ್‌ಗೆ ಬಂದುಬಿಡಿ ಎಂದು ಸಲ್ಮಾನ್ ಫಾರಿಸೀ(ರ) ಅವರಿಗೆ ಬರೆದರು. ನೆಲವು ಯಾರನ್ನೂ ಪವಿತ್ರಗೊಳಿಸದು, ಮನುಷ್ಯನ ಕರ್ಮವೇ ಅವನನ್ನು ಪವಿತ್ರಗೊಳಿಸುತ್ತದೆ ಎಂಬ ಅರ್ಥದ ಉತ್ತರ ಬಂತು. ಆಗ ಅಬುದ್ದರ್ದಾ(ರ) ನ್ಯಾಯಾಧೀಶರಾಗಿದ್ದರು. ನೀವು ಜನರಿಗೆ ವೈದ್ಯರಾಗಿದ್ದೀರಂತೆ, ಅರೆಬರೆ ವೈದ್ಯರಾಗಿ ಯಾರ ಜೀವವನ್ನೂ ತೆಗೆಯದಂತೆ ಎಚ್ಚರವಹಿಸಿ ಎಂದೂ ಸಲ್ಮಾನ್(ರ) ನೆನಪಿಸಿದ್ದರು. ಅಂದಿನಿಂದ ಅಬುದ್ದರ್ದಾ(ರ) ತೀರ್ಪು ಕೊಟ್ಟ ಮೇಲೂ ಕಕ್ಷಿದಾರರನ್ನು ಹಿಂದಕ್ಕೆ ಕರೆದು, ಅವರ ಮಾತನ್ನು ಮತ್ತೊಮ್ಮೆ ಕೇಳುತ್ತಿದ್ದರು. ಸಿರಿಂಜ್ ಹಿಡಿಯುವ ಕೈಗೆ ಇದಕ್ಕಿಂತ ದೊಡ್ಡ ಉಪದೇಶ ಬೇಕೇ?

ಹಾಗಾದರೆ ಎಲ್ಲಿಗೆ ಹೋದರೂ ಸರಿಯೇ? ಅಲ್ಲ. ಕ್ರಿ.ಶ. 615ರಲ್ಲಿ ಪ್ರವಾದಿವರ್ಯರು(ಸ) ಮಕ್ಕಾದ ಮರ್ದಿತರಿಗೆ ಅಬಿಸೀನಿಯಾಕ್ಕೆ ಹೋಗಲು ಹೇಳಿದರು. ಅಲ್ಲಿನ ಅರಸ ಕ್ರೈಸ್ತನಾಗಿದ್ದ. ಆದರೆ ಅವನ ಆಳ್ವಿಕೆಯಲ್ಲಿ ಯಾರಿಗೂ ಅನ್ಯಾಯವಾಗುತ್ತಿರಲಿಲ್ಲ. ಆ ನ್ಯಾಯವೇ ಆಯ್ಕೆಗೆ ಕಾರಣವಾಯಿತು.

ಆದ್ದರಿಂದ ಪ್ರತಿಯೊಂದು ಊರಿನ ಬಗ್ಗೆಯೂ ಕೇಳಿರಿ: ಅಲ್ಲಿ ನನಗೆ ನ್ಯಾಯ ಸಿಗುವುದೇ? ಕರಾರಿನಲ್ಲಿ ಸಂಬಳ, ರಜೆ, ಪಾಳಿ ಸ್ಪಷ್ಟವಾಗಿ ಬರೆದಿವೆಯೇ? ಸಾಲದ ವ್ಯವಹಾರವನ್ನು ಬರೆದಿಡಬೇಕೆಂದು ಪವಿತ್ರ ಕುರ್‌ಆನ್ (2:282) ಕಲಿಸಿರುವಾಗ ಜೀವನದ ಕರಾರನ್ನು ಬಾಯಿಮಾತಿಗೆ ಬಿಡಬಹುದೇ? ಬ್ರಿಟನ್ನಿನ ನೇಮಕಾತಿ ಸಂಹಿತೆಯಂತೆ ಏಜೆಂಟರು ನರ್ಸ್‌ಗಳಿಂದ ಶುಲ್ಕ ಪಡೆಯಕೂಡದು; ಲಕ್ಷಗಟ್ಟಲೆ ಕೇಳುವವನನ್ನು ನಂಬಿ ಬಡ್ಡಿಯ ಸಾಲಕ್ಕೆ ಬೀಳದಿರಿ. ಅಲ್ಲಿನ ವಾರ್ಡುಗಳಲ್ಲಿ ಮೊಣಕೈಯಿಂದ ಕೆಳಗೆ ಕೈ ಬರಿದಾಗಿರಬೇಕೆಂಬ ನಿಯಮವಿದೆ. ಆದರೆ ಬಳಸಿ ಎಸೆಯುವ ತೋಳುಗಳಿಗೆ 2010ರ ಸರಕಾರಿ ಮಾರ್ಗಸೂಚಿಯೇ ಅವಕಾಶ ನೀಡಿತು. ಇಂಥದ್ದನ್ನು ಹೊರಡುವ ಮೊದಲೇ ವಿಚಾರಿಸಿರಿ. ಸೌದಿಯಲ್ಲಿ ಇಖಾಮಾ ಸಾಮಾನ್ಯವಾಗಿ ನೌಕರಿಗೆ ಅಂಟಿಕೊಂಡಿರುತ್ತದೆ. ನೌಕರಿ ಮುಗಿದ ಮೇಲೆ ಊರಿಗೆ ಮರಳಬೇಕಾಗಬಹುದೆಂಬುದೂ ತಿಳಿದಿರಲಿ. ಎಲ್ಲಕ್ಕೂ ಮಿಗಿಲಾಗಿ, ಮುಪ್ಪಿನ ತಾಯಿ ಕರೆದಾಗ ಬರಲು ಯಾವ ಊರು ನಿಮ್ಮನ್ನು ಬಿಟ್ಟುಕೊಡುತ್ತದೆ?

ಬಲ್ಲವರೊಡನೆ ಸಮಾಲೋಚಿಸಿರಿ. ಎರಡು ರಕಅತ್ ಇಸ್ತಿಖಾರಾ ನಮಾಝ್ ನಿರ್ವಹಿಸಿ, ನಿರ್ಧಾರವನ್ನು ಅಲ್ಲಾಹನಿಗೆ ಒಪ್ಪಿಸಿರಿ. ಬಳಿಕ ಮನಸ್ಸು ಗಟ್ಟಿ ಮಾಡಿರಿ. ನಾಳೆ ಪರಲೋಕದಲ್ಲಿ ನೀವು ಯಾವ ದೇಶದಲ್ಲಿದ್ದಿರೆಂದಷ್ಟೇ ಕೇಳಿ ಬಿಡಲಾಗದು. ರಾತ್ರಿ ಪಾಳಿಯಲ್ಲಿ ಯಾರೂ ನೋಡದಾಗ ನರಳುವ ರೋಗಿಯ ಬಳಿಗೆ ಎದ್ದು ಹೋದಿರಾ ಎಂದೂ ಕೇಳಲಾಗುವುದು. ಆ ಪ್ರಶ್ನೆಗೆ ಹೌದೆನ್ನುವ ಭಾಗ್ಯವನ್ನು ಅಲ್ಲಾಹನು ನಿಮಗೆ ಕರುಣಿಸಲಿ. ಆಮೀನ್.