ಜಗಲಿಯಲ್ಲಿ ಕೇಳಿದ ಮಾತು

ತಮ್ಮ ತೆಂಗಿನಮರದಿಂದ ಬಿದ್ದು ಆರು ವರ್ಷವಾಯಿತು. ಸುರತ್ಕಲ್ಲಿನ ನಮ್ಮ ಹಿತ್ತಿಲ ಮರವೇ ಅದು. ಬೆನ್ನುಹುರಿಗೆ ಪೆಟ್ಟಾಗಿ ಸೊಂಟದ ಕೆಳಗೆ ಸ್ವಾಧೀನ ಹೋಯಿತು. ಕರಾವಳಿಯವರಾದರೆ ಇಂಥ ಕಥೆ ನೀವೂ ಕೇಳಿರುತ್ತೀರಿ.

ನಮಗೆ ಗೊತ್ತಿಲ್ಲದಿದ್ದದ್ದು ಒಂದೇ, ಸ್ಪರ್ಶವಿಲ್ಲದ ಕಾಲೂ ಉರಿಯುತ್ತದೆ ಎಂಬುದು. ಚಿವುಟಿದರೆ ತಿಳಿಯದು, ರಾತ್ರಿಯಾದರೆ ಕೆಂಡದ ಮೇಲಿಟ್ಟ ಹಾಗೆ. ಪೆಟ್ಟು ತಿಂದ ನರಗಳು ಮೆದುಳಿಗೆ ತಪ್ಪು ಸುದ್ದಿ ಮುಟ್ಟಿಸುತ್ತವಂತೆ. "ಗೊತ್ತೇ ಆಗದ ಕಾಲು ಹೇಗೆ ನೋಯ್ತದೆ ಮಾರಾಯ?" ಎಂದು ಮೊದಲು ಕೇಳಿದವಳು ನಾನೇ. ಈಗ ನೆನೆದರೆ ನಾಚಿಕೆಯಾಗುತ್ತದೆ.

ಆಮೇಲೆ ಭುಜವೂ ನೋಯತೊಡಗಿತು. ಗಾಲಿಕುರ್ಚಿ ತಳ್ಳುವುದು, ಹಾಸಿಗೆಯಿಂದ ಮೈ ಎತ್ತುವುದು, ಕಾಲಿನ ಕೆಲಸವೆಲ್ಲ ಕೈಯ ಮೇಲೆಯೇ ಬಿದ್ದಿತ್ತಲ್ಲ. ಫಿಸಿಯೋಥೆರಪಿಯವರು ಕಿಟಕಿಯ ಸರಳಿಗೆ ರಬ್ಬರ್ ಪಟ್ಟಿ ಕಟ್ಟಿ, ಮೊಣಕೈ ಹಿಂದಕ್ಕೆಳೆದು ಬೆನ್ನಿನ ಎರಡೂ ಹಲಗೆಗಳನ್ನು ಹತ್ತಿರ ತರುವುದನ್ನು ಕಲಿಸಿದರು. ಹತ್ತು ಸಲ, ಸುಧಾರಿಸಿಕೊಂಡು ಮತ್ತೆ ಹತ್ತು ಸಲ. ಹೊರಡುವಾಗ ಜಗಲಿಯಲ್ಲಿ ನನ್ನೊಬ್ಬಳಿಗೇ ಹೇಳಿದರು: "ಭುಜದ ನೋವು ಇದರಿಂದ ತಗ್ಗಬಹುದು. ಕಾಲಿನ ಉರಿಗೆ ಭರವಸೆ ಕೊಡಲಾರೆ."

ನಾನು ಒಳಗೆ ಹೋಗಿ, "ಎಲ್ಲ ನೋವೂ ಹೋಗ್ತದಂತೆ" ಎಂದೆ.

ಕಷಾಯ ಕಹಿಯಿಲ್ಲ ಎಂದು ಮಕ್ಕಳಿಗೆ ಕುಡಿಸುವವರು ನಾವು. ಇದೂ ಅಂಥದೇ ಎಂದುಕೊಂಡೆ. ಆದರೆ ಅವನು ಮಗುವಲ್ಲ. ಬೆವರು ಅವನದು, ನೋವು ಅವನದು. ಬೇಡ ಎನ್ನುವ ಅಧಿಕಾರವೂ ಅವನದೇ ಅಲ್ಲವೇ? 1944ರಲ್ಲಿ ಇಂಗ್ಲೆಂಡಿನ ಸ್ಟೋಕ್ ಮ್ಯಾಂಡೆವಿಲ್ ಆಸ್ಪತ್ರೆಯಲ್ಲಿ ಬೆನ್ನುಹುರಿಯ ವಿಭಾಗ ತೆರೆದ ಡಾ. ಲುಡ್ವಿಗ್ ಗುಟ್‌ಮನ್, ಬದುಕುವುದಿಲ್ಲವೆಂದು ಲೋಕ ಕೈಬಿಟ್ಟವರಿಗೆ ವ್ಯಾಯಾಮ, ಆಟ ಹಚ್ಚಿದವರು. 1948ರ ಜುಲೈ 29ರಂದು ಅವರು 16 ಮಂದಿಗೆ ಬಿಲ್ಲುಗಾರಿಕೆಯ ಸ್ಪರ್ಧೆ ಏರ್ಪಡಿಸಿದ್ದು ಗಾಲಿಕುರ್ಚಿಯಲ್ಲಿ ಕೂತವರಿಗಾಗಿಯೇ. ನಡೆಸುತ್ತೇನೆಂಬ ಆಸೆ ಅದಕ್ಕೆ ಬೇಕಾಗಿರಲಿಲ್ಲ. ಅದನ್ನು ಓದಿದಾಗ ನನ್ನ ಸುಳ್ಳು ಬಹಳ ಸಣ್ಣದಾಗಿ ಕಂಡಿತು.

ಎರಡು ತಿಂಗಳಲ್ಲಿ ಭುಜ ಹಗುರವಾಯಿತು. ಉರಿ ಹಾಗೇ ಇತ್ತು.

"ಅಕ್ಕಾ, ಕಾಲಿದ್ದು ಹೋಗ್ಲಿಕ್ಕಿಲ್ಲ ಅಲ್ವಾ? ನಿನಗೆ ಮೊದಲೇ ಗೊತ್ತಿತ್ತು."

ನಾನು ತಲೆಯಾಡಿಸಿದೆ.

"ಹೇಳಿದ್ರೆ ಭುಜಕ್ಕೋಸ್ಕರವೇ ಮಾಡ್ತಿದ್ದೆ. ಪ್ರತಿ ರಾತ್ರಿ ಇವತ್ತು ಕಮ್ಮಿಯಾಗ್ತದಾ ಅಂತ ಕಾಯುವ ಕೆಲಸ ತಪ್ಪುತ್ತಿತ್ತು."

ಮೂರು ದಿನ ಪಟ್ಟಿ ಕಿಟಕಿಯಲ್ಲಿ ಸುಮ್ಮನೆ ನೇತಾಡಿತು. ನಾಲ್ಕನೆಯ ದಿನ ತಾನಾಗಿಯೇ ಎಳೆದ. ಮುಂದಿನ ಸಲ ಫಿಸಿಯೋಥೆರಪಿಯವರು ಹೊರಡಲು ಎದ್ದಾಗ ಒಳಗಿನಿಂದಲೇ ಕರೆದ: "ಮೇಡಂ, ಹೇಳ್ಲಿಕ್ಕಿರುವುದನ್ನು ಜಗಲಿಯಲ್ಲಿ ಬೇಡ, ಇಲ್ಲೇ ಹೇಳಿ."